ಸಿಗಡಿಯ ಹುಳಿಸಿಹಿ ಗೊಜ್ಜು



ತುಳುವಿನಲ್ಲಿ ಎಟ್ಟಿಯೆಂದು ಕರೆಯಲ್ಪಡುವ ಸಿಗಡಿಯು ನಮ್ಮ ಕರಾವಳಿಯ ಮನೆಗಳಲ್ಲಿ ಬಹು ಮೆಚ್ಚಿಗೆಯ ಆಹಾರವು. ಆದರೆ ಬೆಲೆಕೊಟ್ಟು ತಂದ ಸಿಗಡಿಯು ಒಲೆಯ ಮೇಲೆ ಐದು ನಿಮಿಷ ಹೆಚ್ಚು ನಿಂತ ಮಾತ್ರಕ್ಕೆ ರಬ್ಬರಿನಂತಾಗಿ, ಹಣವೂ ಶ್ರಮವೂ ವ್ಯರ್ಥವಾಗುವವು. ಆದಕಾರಣ ಈ ಪಾಠದಲ್ಲಿ ಒಂದೇ ನಿಯಮವನ್ನು ಕಲಿಯೋಣ: ಗೊಜ್ಜಿಗೆ ತಾಳ್ಮೆ ಬೇಕು, ಸಿಗಡಿಗೆ ತ್ವರೆ ಬೇಕು.

ಆರಿಸುವ ಕ್ರಮ. ಹೊಸ ಸಿಗಡಿಯ ಮಾಂಸವು ಬಿಗಿಯಾಗಿಯೂ ಚಿಪ್ಪು ಹೊಳಪುಳ್ಳದ್ದಾಗಿಯೂ ಇರುವದು. ತಲೆ ಸಡಿಲವಾಗಿದ್ದು ಮೂಗಿಗೆ ಘಾಟು ಹೊಡೆದರೆ ಅದನ್ನು ಕೊಳ್ಳಕೂಡದು. ತಲೆಯನ್ನೂ ಚಿಪ್ಪನ್ನೂ ತೆಗೆದು, ಬೆನ್ನನ್ನು ಸೀಳಿ, ಕರಿಯ ನೂಲಿನಂಥ ಕರುಳನ್ನು ಎಳೆದುಹಾಕಿರಿ. ತೊಳೆದು ನೀರನ್ನು ಚೆನ್ನಾಗಿ ಬಸಿದು, ಉಪ್ಪು ಅರಸಿನ ಸವರಿ ಹತ್ತು ನಿಮಿಷ ಇಡಿರಿ.

ಸಾಮಗ್ರಿಗಳು. ಶುಚಿಮಾಡಿದ ಸಿಗಡಿ 250 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 6, ಕೊತ್ತಂಬರಿ ಬೀಜ 2 ಚಮಚ, ಜೀರಿಗೆ ಅರ್ಧ ಚಮಚ, ಬೆಳ್ಳುಳ್ಳಿ 4 ಎಸಳು, ನೀರುಳ್ಳಿ 2, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ತೆಂಗಿನೆಣ್ಣೆ 3 ಚಮಚ, ರುಚಿಗೆ ತಕ್ಕಷ್ಟು ಉಪ್ಪು. ಬ್ಯಾಡಗಿಯ ಮೆಣಸು ಬಣ್ಣವನ್ನು ಹೆಚ್ಚಾಗಿಯೂ ಖಾರವನ್ನು ಮಿತವಾಗಿಯೂ ಕೊಡುವದು.

ಮಾಡುವ ವಿಧಾನ. ಮೆಣಸು, ಕೊತ್ತಂಬರಿ, ಜೀರಿಗೆಗಳನ್ನು ಹುರಿದು ಬೆಳ್ಳುಳ್ಳಿಯೊಡನೆ ನುಣ್ಣಗೆ ಅರೆಯಿರಿ. ಅಗಲವಾದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಹೆಚ್ಚಿದ ನೀರುಳ್ಳಿಯನ್ನು ಕೆಂಪಗೆ ಬಾಡಿಸಿ, ಅರೆದ ಮಸಾಲೆಯನ್ನು ಹಸಿವಾಸನೆ ಹೋಗುವವರೆಗೆ ಹುರಿಯಿರಿ. ಹುಣಸೆಯನ್ನು ಕಿವುಚಿದ ಒಂದು ಲೋಟ ನೀರನ್ನು ಹೊಯ್ದು ಕುದಿಸಿ, ಅನಂತರವೇ ಬೆಲ್ಲವನ್ನು ಹಾಕತಕ್ಕದ್ದು. ಒಣ ಬಾಣಲೆಗೆ ಮೊದಲೇ ಬೆಲ್ಲ ಬಿದ್ದರೆ ಸೀದು ಕಹಿಯಾಗುವದು. ಗೊಜ್ಜು ಗಟ್ಟಿಯಾಗಿ ಎಣ್ಣೆ ಅಂಚಿನಲ್ಲಿ ತೇಲಿದಾಗ ರುಚಿ ನೋಡಿ ಉಪ್ಪು ಸರಿಪಡಿಸಿರಿ. ಕಡೆಗೆ ಸಿಗಡಿಯನ್ನು ಹಾಕಿ, ನಡುವೆ ಒಮ್ಮೆ ಮಗುಚಿ, ಮೂರು ನಾಲ್ಕು ನಿಮಿಷಗಳಲ್ಲಿ ಕೆಳಗಿಳಿಸಿರಿ. ಬರಿಯ ಕಬ್ಬಿಣದ ಬಾಣಲೆ ಇದಕ್ಕೆ ಸಲ್ಲದು. ಹುಳಿಯು ಕಬ್ಬಿಣವನ್ನು ತುಸು ಕರಗಿಸಿ ಗೊಜ್ಜನ್ನು ಕಪ್ಪಾಗಿಸುವದು.

ಕಾರಣಗಳು. ಹಸಿ ಸಿಗಡಿಯಲ್ಲಿ ಆಸ್ಟಾಜ್ಯಾಂತಿನ್ ಎಂಬ ಕೆಂಪು ವರ್ಣದ್ರವ್ಯವು ಸಸಾರಜನಕದೊಡನೆ ಬಂಧಿತವಾಗಿ ಮರೆಯಾಗಿರುವದು. ಕಾವಿನಿಂದ ಆ ಬಂಧನ ಸಡಿಲಿ ಕೆಂಬಣ್ಣ ಹೊರಬೀಳುವದು. ಅದೇ ಕಾವು ಮಾಂಸದ ಎಳೆಗಳನ್ನು ಕುಗ್ಗಿಸಿ ನೀರನ್ನು ಹಿಂಡುವದು. ಆದುದರಿಂದ ಮಾಂಸವು ನಡುವಿನವರೆಗೂ ಪಾರದರ್ಶಕತೆ ಕಳೆದು ಬಿಳುಪಾಗಿ, ಸಿಗಡಿಯು ಅರ್ಧವೃತ್ತವಾಗಿ ಬಾಗಿದರೆ ಬೆಂದಿತೆಂದು ತಿಳಿಯಿರಿ. ಉಂಗುರದಂತೆ ಬಿಗಿದು ಸುತ್ತಿಕೊಂಡರೆ ಹೊತ್ತು ಮೀರಿತು. ಸಿಗಡಿಯ ಮಾಂಸದಲ್ಲಿ ಗ್ಲೈಸಿನ್ ಇರುವದರಿಂದ ಅದು ಸ್ವಭಾವತಃ ಸಿಹಿ. ಬೆಲ್ಲದ ಕೆಲಸವು ಹುಳಿಯ ತೀಕ್ಷ್ಣತೆಯನ್ನು ನಾಲಿಗೆಗೆ ತಗ್ಗಿಸುವದಷ್ಟೇ. ಅಧಿಕವಾದರೆ ಸಿಗಡಿಯ ಸಿಹಿಯೇ ಮುಚ್ಚಿಹೋಗುವದು.

ಎಚ್ಚರಿಕೆ. ಕೆಲವರ ದೇಹಕ್ಕೆ ಸಿಗಡಿ ಒಗ್ಗದು. ತುಟಿ ಬಾತು ಉಸಿರು ಕಟ್ಟಿ ಪ್ರಾಣಾಪಾಯವೂ ಆಗಬಹುದು. ಎಷ್ಟು ಬೇಯಿಸಿದರೂ ಈ ದೋಷ ಹೋಗದು. ಬಡಿಸುವ ಮೊದಲು ಅತಿಥಿಗಳನ್ನು ಕೇಳುವದು ಗೃಹಿಣಿಯ ಧರ್ಮ.

ಅಭ್ಯಾಸ. 1. ಬೆಲ್ಲವನ್ನು ಹುಣಸೆಯ ನೀರು ಕುದಿದ ಮೇಲೆ ಹಾಕುವದೇಕೆ? 2. ಸಿಗಡಿ ಬೆಂದ ಗುರುತುಗಳಾವುವು? 3. ಮನೆಯಲ್ಲಿ ಮಾಡಿ, ಗೊಜ್ಜಿಗೂ ಸಿಗಡಿಗೂ ಎಷ್ಟೆಷ್ಟು ಹೊತ್ತು ಹಿಡಿಯಿತೆಂದು ಬರೆದು ತನ್ನಿರಿ.