ಜೇಡಮರಿಯ ಪಾಲನೆ

ಬಾಗಲಕೋಟೆ ಜಿಲ್ಲೆಯ ಇಳಕಲ್ ಪಟ್ಟಣದ ನೇಕಾರರ ಓಣಿಗಳಲ್ಲಿ ಗುಂಡಿಮಗ್ಗಗಳು ಇಂದಿಗೂ ಕಾಣಸಿಗುತ್ತವೆ. ನೇಕಾರನು ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಪಾದದಿಂದ ಹಲಗೆಯನ್ನು ತುಳಿಯುತ್ತ, ಕೈಯಿಂದ ಲಾಳಿಯನ್ನು ಓಡಿಸುತ್ತಾನೆ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಇಳಕಲ್ ಸೀರೆಯ ವೈಶಿಷ್ಟ್ಯ. ಒಂದು ಎಳೆ ತಪ್ಪಿದರೂ ಬಟ್ಟೆ ಕೆಡುತ್ತದೆ. ಆದುದರಿಂದ ಅವಸರವೆಂಬುದು ಈ ಕಸಬಿಗೆ ಶತ್ರು.

ಕನ್ನಡದಲ್ಲಿ 'ಜೇಡ' ಎಂದರೆ ನೇಕಾರನೆಂದೇ ಅರ್ಥ. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿ ಆ ಅರ್ಥ ಉಳಿದುಬಂದಿದೆ. ನೂಲನ್ನು ತನ್ನ ಒಡಲಿನಿಂದಲೇ ತೆಗೆದು ನೇಯುವ ಎಂಟು ಕಾಲಿನ ಪ್ರಾಣಿಯನ್ನು ನಮ್ಮ ಹಿರಿಯರು 'ಜೇಡರ ಹುಳು' ಎಂದು ಕರೆದರು. ವಾಸ್ತವವಾಗಿ ಅದು ಹುಳುವಲ್ಲ. ಕೀಟಗಳಿಗೆ ಆರು ಕಾಲುಗಳಿದ್ದರೆ ಜೇಡಕ್ಕೆ ಎಂಟು. ಕೀಟಗಳಿಗಿರುವ ಮೀಸೆಯಾಗಲಿ ರೆಕ್ಕೆಯಾಗಲಿ ಅದಕ್ಕೆ ಇಲ್ಲ. ಚೇಳು, ಉಣ್ಣೆಗಳು ಅದರ ಬಂಧುಗಳು.

ಎಲ್ಲ ಜೇಡಗಳೂ ಗಾಳಿಯಲ್ಲಿ ಬಲೆ ಕಟ್ಟುವುದಿಲ್ಲ. ಕೆಲವು ನೆಲದಲ್ಲಿ ಬಿಲ ತೋಡಿ, ಅದರ ಒಳಗೋಡೆಗೆ ರೇಷ್ಮೆಯ ಅಸ್ತರಿ ಹಾಕಿ, ಗುಂಡಿಮಗ್ಗದ ನೇಕಾರನಂತೆ ಬಿಲದ ಬಾಯಿಯಲ್ಲಿ ಕುಳಿತಿರುತ್ತವೆ. ಮೈತುಂಬ ಕೂದಲಿರುವ, ದೊಡ್ಡ ಗಾತ್ರದ 'ಟರಾಂಟುಲಾ' ಜೇಡಗಳಲ್ಲಿ ಅನೇಕವು ಇಂಥವು. ಇನ್ನು ಕೆಲವು ಮರದ ಪೊಟರೆಗಳಲ್ಲಿ ವಾಸಿಸುತ್ತವೆ. ಪ್ರಪಂಚದಲ್ಲಿ ಇವುಗಳ ಸಾವಿರಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಲಾಗಿದೆ. ಎಂಟು ಕಣ್ಣುಗಳಿದ್ದರೂ ಇವುಗಳ ನೋಟ ಮಂದ. ಕಾಲಿನ ಕೂದಲುಗಳಿಗೆ ತಾಗುವ ಕಂಪನವೇ ಇವುಗಳಿಗೆ ಕಣ್ಣು, ಅದೇ ಕಿವಿ.

ಟರಾಂಟುಲಾ ಎಂಬ ಹೆಸರಿಗೂ ಒಂದು ಕಥೆಯುಂಟು. ದಕ್ಷಿಣ ಇಟಲಿಯ ಟರಾಂಟೋ ನಗರದ ಸುತ್ತಿನ ಜನರು ಒಂದು ಬಗೆಯ ಜೇಡಕ್ಕೆ ಬಹಳ ಹೆದರುತ್ತಿದ್ದರು. ಅದು ಕಚ್ಚಿದವರು ಕುಣಿದು ದಣಿದರೆ ಮಾತ್ರ ಬದುಕುವರೆಂಬ ನಂಬಿಕೆ ಅಲ್ಲಿತ್ತು. ಆ ಜೇಡವಾದರೋ ಕಚ್ಚಿದರೂ ಜೀವಾಪಾಯವಿಲ್ಲದ ಒಂದು ತೋಳಜೇಡ. ಮುಂದೆ ಅದರ ಹೆಸರು ಬೇರೆ ಖಂಡಗಳ ದೊಡ್ಡ ಜೇಡಗಳಿಗೆ ಅಂಟಿಕೊಂಡಿತು. ಹೆಸರಿನೊಂದಿಗೆ ಭಯವೂ ಅಂಟಿತು.

ಭಯವಿದ್ದಲ್ಲಿಯೇ ಕುತೂಹಲವೂ ಇರುತ್ತದೆ. ಹಲವು ದೇಶಗಳಲ್ಲಿ ಜನರು ಟರಾಂಟುಲಾ ಮರಿಗಳನ್ನು ಮನೆಯಲ್ಲಿ ಸಾಕುತ್ತಾರೆ. ಹೊಸಬನು ಈ ಕೆಲಸಕ್ಕೆ ಕೈಹಾಕಿದಾಗ ಆಗುವ ತಪ್ಪುಗಳಲ್ಲಿ ಅಲಕ್ಷ್ಯಕ್ಕಿಂತ ಅತಿಯಾದ ಅಕ್ಕರೆಯಿಂದ ಆಗುವಂಥವೇ ಹೆಚ್ಚು.

ಮೊದಲನೆಯದಾಗಿ ವಾಸಸ್ಥಳವನ್ನು ನೋಡಬೇಕು. ಚಿಕ್ಕ ಮರಿಯು ಹೆಸರುಕಾಳಿನಷ್ಟೇ ಇರಬಹುದು. ಅದಕ್ಕೆ ದೊಡ್ಡ ಗಾಜಿನ ಪೆಟ್ಟಿಗೆ ಅರಮನೆಯಲ್ಲ, ಅಡವಿ. ಅದರಲ್ಲಿ ಮರಿಯು ಆಹಾರವನ್ನು ಹುಡುಕಲಾರದು, ಸಾಕುವವನು ಮರಿಯನ್ನು ಹುಡುಕಲಾರನು. ಭದ್ರವಾದ ಮುಚ್ಚಳವುಳ್ಳ ಪುಟ್ಟ ಡಬ್ಬಿಯೇ ಸಾಕು. ಗಾಳಿಗೆ ರಂಧ್ರಗಳಿರಬೇಕು. ಅವು ಮರಿಯ ಮೈಗಿಂತ ಕಿರಿದಾಗಿರಬೇಕು. ಒಳಗೆ ತೆಂಗಿನ ನಾರಿನ ಪುಡಿಯನ್ನೋ ಶುದ್ಧವಾದ ಮಣ್ಣನ್ನೋ ಹಾಕಿದರೆ ಮರಿಯು ತನ್ನ ಬಿಲವನ್ನು ತಾನೇ ತೋಡಿಕೊಳ್ಳುತ್ತದೆ. ಒಂದು ಮೂಲೆ ಹಸಿಯಾಗಿಯೂ ಉಳಿದುದು ಒಣಗಿಯೂ ಇದ್ದರೆ ತನಗೆ ಬೇಕಾದ ಜಾಗವನ್ನು ಅದೇ ಆರಿಸಿಕೊಳ್ಳುತ್ತದೆ. ಎಲ್ಲವೂ ನೆನೆದರೆ ಬೂಷ್ಟು ಬೆಳೆಯುತ್ತದೆ. ಎಲ್ಲವೂ ಒಣಗಿದರೆ ಎಳೆಯ ಮರಿ ನೀರಿಲ್ಲದೆ ಸಾಯುತ್ತದೆ.

ಬಿಸಿಲಿನ ವಿಷಯದಲ್ಲಿ ಎಚ್ಚರ ಅಗತ್ಯ. ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳು ಬೇಸಿಗೆಯ ಮಧ್ಯಾಹ್ನ ಕಾದ ಹೆಂಚಿನಂತಾಗುತ್ತವೆ. ಆದರೂ ಬಂಡೆಯ ಸಂದಿನಲ್ಲಿ, ನೆಲದ ಆಳದಲ್ಲಿ ತಂಪು ಉಳಿದಿರುತ್ತದೆ. ಬಿಲದಲ್ಲಿ ವಾಸಿಸುವ ಪ್ರಾಣಿ ಬದುಕುವುದು ಆ ತಂಪಿನಿಂದ. ಡಬ್ಬಿಯಲ್ಲಿರುವ ಮರಿಗೆ ಹಾಗೆ ಕೆಳಗಿಳಿದು ಪಾರಾಗುವ ದಾರಿಯಿಲ್ಲ. ಕಿಟಕಿಯ ಬಿಸಿಲಿನಲ್ಲಿಟ್ಟ ಮುಚ್ಚಿದ ಡಬ್ಬಿ ಸ್ವಲ್ಪ ಹೊತ್ತಿನಲ್ಲೇ ಒಲೆಯಾಗುತ್ತದೆ.

ಎರಡನೆಯದು ಆಹಾರ. ಮರಿಯ ಹೊಟ್ಟೆಗಿಂತ ದೊಡ್ಡದಲ್ಲದ ಚಿಮ್ಮಂಡೆಯ ಮರಿಯಂಥ ಕೀಟವನ್ನು ವಾರಕ್ಕೆ ಒಂದೆರಡು ಸಲ ಕೊಟ್ಟರೆ ಸಾಕು. ತೀರ ಎಳೆಯ ಮರಿಗೆ ಸತ್ತ ಕೀಟದ ಒಂದು ಕಾಲೇ ಊಟ. ಒಂದು ದಿನದೊಳಗೆ ತಿನ್ನದೆ ಬಿಟ್ಟುದನ್ನು ತೆಗೆದುಬಿಡಬೇಕು. ಹೊಲದಿಂದ ಕೀಟಗಳನ್ನು ಹಿಡಿದು ತರುವುದು ಸುಲಭವೆಂದು ತೋರಬಹುದು. ಆದರೆ ಹುನಗುಂದದ ಎರೆಹೊಲವಾಗಲಿ ಬೇರೆಲ್ಲಿಯ ತೋಟವಾಗಲಿ, ಔಷಧಿ ಸಿಂಪಡಿಸಿದ ಬೆಳೆಯ ಮೇಲಿದ್ದ ಕೀಟ ತನ್ನ ಮೈಯಲ್ಲಿ ವಿಷವನ್ನು ಹೊತ್ತು ಬರುತ್ತದೆ. ಬೆಳೆಯನ್ನು ಕಾಯುವ ಔಷಧಿಯೇ ಜೇಡವನ್ನು ಕೊಲ್ಲುತ್ತದೆ.

ಮೂರನೆಯದು ಪೊರೆ ಬಿಡುವ ಕಾಲ. ಜೇಡದ ಹೊರಕವಚವು ಅದರೊಡನೆ ಬೆಳೆಯುವುದಿಲ್ಲ. ಬೆಳೆಯಬೇಕಾದರೆ ಹಳೆಯ ಕವಚವನ್ನು ಕಳಚಿ ಹೊರಬರಬೇಕು. ಆ ಕಾಲ ಸಮೀಪಿಸಿದಾಗ ಮರಿಯು ಆಹಾರವನ್ನು ಮುಟ್ಟುವುದಿಲ್ಲ. ಕೆಲವೊಮ್ಮೆ ಬಿಲದ ಬಾಯನ್ನೂ ಮುಚ್ಚಿಕೊಳ್ಳುತ್ತದೆ. ಬಳಿಕ ಸಾಮಾನ್ಯವಾಗಿ ಬೆನ್ನ ಮೇಲೆ ಮಲಗಿ, ಕಾಲುಗಳನ್ನು ಮೇಲೆತ್ತಿ ನಿಶ್ಚಲವಾಗುತ್ತದೆ. ಇದನ್ನು ಕಂಡ ಹೊಸಬನು ಮರಿ ಸತ್ತಿತೆಂದು ಭಾವಿಸಿ ಅದನ್ನು ಹೊರಳಿಸುತ್ತಾನೆ, ಕಡ್ಡಿಯಿಂದ ಮುಟ್ಟುತ್ತಾನೆ, ಅಥವಾ ಎಸೆದೇಬಿಡುತ್ತಾನೆ. ಬದುಕುವ ಶ್ರಮದಲ್ಲಿ ತೊಡಗಿದ್ದ ಜೀವಿಯು ಆ ಕೈಯಿಂದಲೇ ಸಾಯುತ್ತದೆ. ಪೊರೆ ಬಿಟ್ಟ ಮೇಲೆಯೂ ಅದರ ಹಲ್ಲುಗಳು ಬೆಳ್ಳಗೆ, ಮೆತ್ತಗೆ ಇರುತ್ತವೆ. ಅವು ಗಟ್ಟಿಯಾಗುವವರೆಗೆ ಡಬ್ಬಿಯೊಳಗೆ ಬಿಟ್ಟ ಚಿಮ್ಮಂಡೆಯೇ ಜೇಡವನ್ನು ಕಚ್ಚಿ ತಿನ್ನಬಹುದು. ಈ ದಿನಗಳಲ್ಲಿ ಮಾಡಬೇಕಾದ ಕೆಲಸ ಒಂದೇ: ನೀರಿನ ತೇವವಿರುವಂತೆ ನೋಡಿಕೊಂಡು ಸುಮ್ಮನಿರುವುದು.

ಸುಮ್ಮನಿರುವುದು ಕಷ್ಟ. ಸಾಕಿದ ನಾಯಿಯನ್ನು ನೇವರಿಸಿದಂತೆ ಜೇಡವನ್ನೂ ಕೈಯ ಮೇಲೆ ನಡೆಸಬೇಕೆಂಬ ಆಸೆ ಹುಟ್ಟುತ್ತದೆ. ಆದರೆ ಜೇಡಕ್ಕೆ ಮನುಷ್ಯನ ಅಂಗೈ ಆಪ್ತವಾದ ಸ್ಥಳವಲ್ಲ. ಅದು ಕಂಪಿಸುವ, ಅಪಾಯದ ನೆಲ. ಗಾಬರಿಗೊಂಡು ಓಡಿ ಕೆಳಗೆ ಬಿದ್ದರೆ ಅದರ ಮೃದುವಾದ ಹೊಟ್ಟೆ ಒಡೆಯುತ್ತದೆ. ಜೇಡವು ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಆ ದ್ರವ ಸೋರಿಹೋದರೆ ಅದು ನಡೆಯಲಾರದು, ಬದುಕಲಾರದು. ಮನುಷ್ಯನಿಗೂ ಅಪಾಯವಿಲ್ಲದಿಲ್ಲ. ಅಮೆರಿಕ ಖಂಡಗಳ ಅನೇಕ ಜಾತಿಗಳು ಹೊಟ್ಟೆಯ ಮೇಲಿನ ಮುಳ್ಳುಗೂದಲನ್ನು ಕಾಲಿನಿಂದ ಕೆದರಿ ಹಾರಿಸುತ್ತವೆ. ಅದು ಕಣ್ಣಿಗೆ ಬಿದ್ದರೆ ಬಹಳ ಬಾಧೆ. ಭಾರತದ ಜಾತಿಗಳಿಗೆ ಅಂಥ ಕೂದಲಿಲ್ಲ. ಅವು ಓಡುತ್ತವೆ, ಇಲ್ಲವೆ ಕಚ್ಚುತ್ತವೆ. ಮರದಲ್ಲಿ ವಾಸಿಸುವ ಕೆಲವು ಭಾರತೀಯ ಜಾತಿಗಳು ಕಚ್ಚಿದರೆ ತೀವ್ರವಾದ ನೋವೂ ಸ್ನಾಯುಗಳ ಸೆಳೆತವೂ ಉಂಟಾಗುತ್ತವೆ. ಆದುದರಿಂದ ತಿಳಿದವರು ಜೇಡವನ್ನು ನೋಡುತ್ತಾರೆ, ಮುಟ್ಟುವುದಿಲ್ಲ.

ಇನ್ನು ಕಾಲದ ಲೆಕ್ಕ. ಗಂಡು ಟರಾಂಟುಲಾ ಪ್ರಾಯಕ್ಕೆ ಬಂದ ಮೇಲೆ ಬಹುಕಾಲ ಬದುಕುವುದಿಲ್ಲ. ಹೆಣ್ಣಾದರೋ ಹಲವು ಜಾತಿಗಳಲ್ಲಿ 20 ವರ್ಷ ಬದುಕಬಲ್ಲುದು. ಎಳೆಯ ಮರಿಯನ್ನು ನೋಡಿ ಅದು ಗಂಡೋ ಹೆಣ್ಣೋ ಹೇಳುವುದು ಕಷ್ಟ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಇಂದು ಒಂದು ಮರಿಯನ್ನು ತಂದರೆ, ಅವನ ಓದು ಮುಗಿದು, ಉದ್ಯೋಗ ದೊರೆತು, ಅವನು ಸಂಸಾರಸ್ಥನಾದ ಮೇಲೆಯೂ ಅದು ಅವನ ಹೊಣೆಯಾಗಿಯೇ ಇರಬಹುದು. ಒಂದು ತಿಂಗಳ ಕುತೂಹಲಕ್ಕಾಗಿ ಇಪ್ಪತ್ತು ವರ್ಷಗಳ ಜೀವವನ್ನು ಡಬ್ಬಿಯಲ್ಲಿಡುವುದು ನ್ಯಾಯವೇ?

ಮರಿಯು ಎಲ್ಲಿಂದ ಬಂದಿತೆಂಬ ಪ್ರಶ್ನೆ ಇನ್ನೂ ದೊಡ್ಡದು. ಬಳ್ಳಾರಿಗೆ ಪೂರ್ವದಲ್ಲಿ, ಆಂಧ್ರಪ್ರದೇಶದ ಗುತ್ತಿ ಎಂಬ ಊರಿನಲ್ಲಿ ದೊರೆತ ಒಂದೇ ಒಂದು ಜೇಡವನ್ನು ಆಧರಿಸಿ 1899ರಲ್ಲಿ ಪೋಕಾಕ್ ಎಂಬ ವಿಜ್ಞಾನಿ ಒಂದು ಹೊಸ ಜಾತಿಯನ್ನು ವರ್ಣಿಸಿದನು. ಅದರ ಮೈಬಣ್ಣ ಹೊಳೆಯುವ ನೀಲಿ. ಆ ಬಳಿಕ ಸುಮಾರು ನೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಣ ಕಾಡಿನಲ್ಲಿ ಮತ್ತೆ ಕಂಡಿತು. ಅದರ ಸೌಂದರ್ಯವೇ ಅದಕ್ಕೆ ಮುಳುವಾಯಿತು. ಸಾಕುಪ್ರಾಣಿಗಳ ವ್ಯಾಪಾರಕ್ಕಾಗಿ ಅದನ್ನು ಹಿಡಿದು ಸಾಗಿಸತೊಡಗಿದರು. ಅದು ವಾಸಿಸುವ ಹಳೆಯ ಮರಗಳೂ ಕಡಿಮೆಯಾದವು. 2008ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜಾತಿಗಳ ಸಾಲಿಗೆ ಸೇರಿಸಲಾಯಿತು. 2019ರಲ್ಲಿ ಅದರ ಕುಲದ ಎಲ್ಲ ಜಾತಿಗಳನ್ನೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ತರಲಾಯಿತು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯು ಆ ಒಪ್ಪಂದದ ನಿಯಮಗಳನ್ನು ನಮ್ಮ ಕಾಯಿದೆಯಲ್ಲಿ ಅಳವಡಿಸಿತು. ಕಾಡಿನ ಬಿಲದಿಂದಲೋ ಪೊಟರೆಯಿಂದಲೋ ಮರಿಯನ್ನು ಎತ್ತಿ ತರುವವನು ತಾನು ತಂದುದು ಒಂದೇ ಎಂದುಕೊಳ್ಳುತ್ತಾನೆ. ಹಾಗೆ ಎಂದುಕೊಳ್ಳುವವರು ನೂರು ಮಂದಿಯಾದಾಗ ಬಿಲಗಳು ಬರಿದಾಗುತ್ತವೆ.

ಹಾಗಾದರೆ ಜೇಡವನ್ನು ಪ್ರೀತಿಸುವವನಿಗೆ ಬೇರೆ ಮಾರ್ಗವಿಲ್ಲವೇ? ಉಂಟು. ಆಸ್ಟ್ರೇಲಿಯದ ವಿಜ್ಞಾನಿ ಬಾರ್ಬರಾ ಯಾರ್ಕ್ ಮೇನ್ ಅವರು 1974ರಲ್ಲಿ ಅಲ್ಲಿಯ ಪಶ್ಚಿಮ ಭಾಗದ ಒಂದು ಕಾಡಿನಲ್ಲಿ ಬಿಲಜೇಡಗಳ ಅಧ್ಯಯನವನ್ನು ಆರಂಭಿಸಿದರು. ಪ್ರತಿಯೊಂದು ಬಿಲದ ಬಳಿ ಅಂಕೆಯಿರುವ ಒಂದು ಗುರುತನ್ನು ನೆಟ್ಟರು. ಯಾವ ಜೇಡವನ್ನೂ ಮನೆಗೆ ಒಯ್ಯಲಿಲ್ಲ. ವರ್ಷವರ್ಷವೂ ಅಲ್ಲಿಗೆ ಹೋಗಿ ನೋಡಿ, ಬರೆದಿಟ್ಟುಕೊಂಡರು. ಅವುಗಳಲ್ಲಿ 16ನೆಯ ಸಂಖ್ಯೆಯ ಹೆಣ್ಣು ಜೇಡವು ಒಂದೇ ಬಿಲದಲ್ಲಿ 43 ವರ್ಷ ಬದುಕಿತು. 2016ರಲ್ಲಿ ಅದರ ಬಿಲದ ಮುಚ್ಚಳವನ್ನು ಒಂದು ಬಗೆಯ ಕಣಜ ಕೊರೆದಿದ್ದುದು ಕಂಡುಬಂದಿತು. ಜೇಡ ಅಲ್ಲಿರಲಿಲ್ಲ. ಪ್ರಪಂಚದಲ್ಲಿ ದಾಖಲೆಯಾದ ಜೇಡಗಳಲ್ಲೆಲ್ಲ ಅದೇ ಅತ್ಯಂತ ದೀರ್ಘಾಯುವೆಂದು 2018ರಲ್ಲಿ ಪ್ರಕಟವಾಯಿತು. ಮುಟ್ಟದೆ ನೋಡಿದುದರಿಂದಲೇ ಈ ಜ್ಞಾನ ದೊರೆಯಿತು.

ಅಂಥ ಅಧ್ಯಯನಕ್ಕೆ ಬಾಗಲಕೋಟೆಯ ವಿದ್ಯಾರ್ಥಿಯು ದೂರ ಹೋಗಬೇಕಾಗಿಲ್ಲ. ಮಳೆಗಾಲದ ಬೆಳಗಿನಲ್ಲಿ ಹುಲ್ಲಿನ ಮೇಲೆ ಇಬ್ಬನಿಯನ್ನು ಹೊತ್ತ, ಒಂದು ಬದಿಗೆ ಕೊಳವೆಯಂತೆ ಇಳಿದ ಬಲೆಗಳು ಕಾಣುತ್ತವೆ. ಹೊಲದ ಬದುವಿನಲ್ಲಿ ಮರಿಗಳನ್ನು ಬೆನ್ನ ಮೇಲೆ ಹೊತ್ತ ತೋಳಜೇಡ ಓಡಾಡುತ್ತದೆ. ಹಳೆಯ ಮನೆಯ ಗೋಡೆಯ ಮೇಲೆ ಬಿಲ್ಲೆಯಂಥ ಮೊಟ್ಟೆಚೀಲವನ್ನು ಮೈಯಡಿಯಲ್ಲಿ ಹಿಡಿದ ದೊಡ್ಡ ಜೇಡ ಕಾಣಸಿಗುತ್ತದೆ. ಅದು ಜಿರಲೆಗಳನ್ನು ತಿಂದು ಮನೆಗೆ ಉಪಕಾರವನ್ನೇ ಮಾಡುತ್ತದೆ. ಇವುಗಳಿಗೆ ಡಬ್ಬಿ ಬೇಡ, ಆಹಾರ ಬೇಡ. ಬಿಲದೊಳಗೆ ಕಡ್ಡಿ ಹಾಕದಿರುವ ಸಂಯಮ, ದಿನವೂ ಹೋಗಿ ನೋಡುವ ತಾಳ್ಮೆ, ಕಂಡುದನ್ನು ದಿನಾಂಕದೊಡನೆ ಬರೆದಿಡುವ ಒಂದು ಪುಸ್ತಕ ಇಷ್ಟಿದ್ದರೆ ಸಾಕು.

ಮಗ್ಗದ ಮುಂದೆ ನಿಂತ ಬಾಲಕನಿಗೆ ಇಳಕಲ್ಲಿನ ನೇಕಾರನು ಮೊದಲು ಲಾಳಿಯನ್ನು ಕೊಡುವುದಿಲ್ಲ. ಎಳೆಯನ್ನು ಕೀಳದೆ ನೋಡಲು ಕಲಿ ಎನ್ನುತ್ತಾನೆ. ಜೇಡದ ಪಾಲನೆಗೂ ಮೊದಲ ಪಾಠ ಅದೇ.