ಮಕ್ಕಳ ಮೇಲೆ ರೇಗುತ್ತಿದ್ದೇನೆ, ನಾನು ಈ ಕೆಲಸಕ್ಕೆ ಲಾಯಕ್ಕಲ್ಲವೇ?

ಪ್ರಶ್ನೆ: ಡಾಕ್ಟರೇ, ನನಗೆ 26 ವರ್ಷ. ಬಿ.ಎ. ಮುಗಿಸಿ ನಮ್ಮೂರಲ್ಲೇ ಅಂಗನವಾಡಿ ಕಾರ್ಯಕರ್ತೆಯಾಗಿದ್ದೇನೆ. ಮಕ್ಕಳೆಂದರೆ ಪ್ರಾಣ. ಆದರೆ ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಊಟ ಸೇರುತ್ತಿಲ್ಲ, ಕೇಂದ್ರದ ಬೀಗ ತೆಗೆಯುವಾಗಲೇ ಅಳು ಬರುತ್ತದೆ. ಮೊನ್ನೆ ಹಾಲು ಚೆಲ್ಲಿದ ಮಗುವಿನ ಮೇಲೆ ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ, ಆದರೆ ಅದು ಬೆದರಿ ಗೋಡೆಗೆ ಒತ್ತಿಕೊಂಡು ನಿಂತಿತು. ಮನೆಯಲ್ಲಿ ಹೇಳಿಕೊಂಡರೆ "ಮಕ್ಕಳನ್ನ ಆಡಿಸೋಕೂ ಸುಸ್ತಾ?" ಅಂತಾರೆ. ಮಾತ್ರೆ ಶುರು ಮಾಡಿದರೆ ಬಿಡೋಕಾಗಲ್ಲ, ಸುದ್ದಿ ಹಬ್ಬಿದರೆ ಕೆಲಸ ಹೋಗುತ್ತೆ ಅನ್ನೋ ಭಯ ಬೇರೆ.

– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನೀವು ಖಂಡಿತ ಲಾಯಕ್ಕಾದವರು. ನಿಮಗೀಗ ಹುಷಾರಿಲ್ಲ, ಅಷ್ಟೆ.

ಬೇಗ ಎಚ್ಚರವಾಗುವುದು, ಹಸಿವಿಲ್ಲದಿರುವುದು, ಅಳು, ಸಿಡುಕು ಎರಡು ವಾರ ಮೀರಿ ಉಳಿದರೆ ಖಿನ್ನತೆಯನ್ನು ಶಂಕಿಸಲೇಬೇಕು. ಬರೀ ಕೆಲಸದ ಬಳಲಿಕೆಯಾದರೆ ರಜೆಯಲ್ಲಿ ಸ್ವಲ್ಪ ಹಗುರವೆನಿಸುತ್ತದೆ. ಭಾನುವಾರವೂ ಮನಸ್ಸು ಹೀಗೇ ಭಾರವಾಗಿದ್ದರೆ ತಡಮಾಡಬೇಡಿ. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತು, ಬೇಸರ ಬರುತ್ತವೆ.

ಈ ಪುಟವನ್ನು ಮನೆಯವರಿಗೂ ತೋರಿಸಿ. ನೀವು ಮಕ್ಕಳನ್ನು ಆಡಿಸುವುದಷ್ಟೇ ಅಲ್ಲ. ತೂಕ ನೋಡಬೇಕು, ಆಹಾರ ಹಂಚಬೇಕು, ಗರ್ಭಿಣಿ ಬಾಣಂತಿಯರ ಮನೆಗೆ ಹೋಗಬೇಕು, ನೆಟ್‌ವರ್ಕ್ ಸಿಗದ ಊರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಾಹಿತಿ ತುಂಬಬೇಕು. ಇಷ್ಟರ ನಡುವೆ ನಿಮ್ಮ ದುಃಖ ನುಂಗಿಕೊಂಡು ಮಗುವಿನೆದುರು ನಗಬೇಕು. ಈ ನಗುವಿಗೆ ತಗಲುವ ಶ್ರಮವನ್ನು ಯಾವ ರಿಜಿಸ್ಟರೂ ಬರೆದುಕೊಳ್ಳುವುದಿಲ್ಲ. ಅಂಗನವಾಡಿ 1975ರಲ್ಲಿ ಶುರುವಾದ ಯೋಜನೆ, ಇಂದಿಗೂ ಸಂಬಳಕ್ಕೆ ಗೌರವಧನವೆಂದೇ ಹೆಸರು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಆ ಮಗುವಿನ ವಿಷಯ. ಮೂರು-ನಾಲ್ಕು ವರ್ಷದವರು ದೊಡ್ಡವರ ಸಿಟ್ಟಿಗೆ ತಾವೇ ಕಾರಣವೆಂದುಕೊಳ್ಳುತ್ತಾರೆ. ಅದರ ಎತ್ತರಕ್ಕೆ ಕುಳಿತು, "ಅವತ್ತು ಟೀಚರ್‌ಗೆ ಸಿಟ್ಟು ಬಂದಿತ್ತು, ನಿಂದೇನೂ ತಪ್ಪಿಲ್ಲ ಕಂದ" ಎನ್ನಿ. ಮತ್ತೆ ಸಿಟ್ಟು ನೆತ್ತಿಗೇರಿದರೆ ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ ಹೊಸ್ತಿಲಾಚೆ ಬನ್ನಿ. ನೀರು ಕುಡಿದು, ಉಸಿರನ್ನು ನಿಧಾನವಾಗಿ ಹೊರಬಿಡಿ. ಸಹಾಯಕಿಗೆ ಮೊದಲೇ ಹೇಳಿಟ್ಟಿರಿ.

ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಆರಾಮವಾಯಿತೆಂದು ನೀವೇ ತಟ್ಟನೆ ನಿಲ್ಲಿಸಬಾರದು, ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಎಲ್ಲರಿಗೂ ಮಾತ್ರೆಯೇ ಬೇಕೆಂದಿಲ್ಲ, ಆಪ್ತಸಮಾಲೋಚನೆಯಿಂದಲೇ ಚೇತರಿಸಿಕೊಳ್ಳುವವರಿದ್ದಾರೆ. ಚಿಕಿತ್ಸೆಯ ವಿವರ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಹಕ್ಕು. ನಿಮ್ಮ ಒಪ್ಪಿಗೆಯಿಲ್ಲದೆ ವೈದ್ಯರು ಅದನ್ನು ಮೇಲ್ವಿಚಾರಕಿಗೆ ತಿಳಿಸುವಂತಿಲ್ಲ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಈ ವಾರವೇ ಕಾಣಿ. ಬದುಕೇ ಬೇಡ ಎನ್ನುವ ಯೋಚನೆ ಸುಳಿದರೆ ಅಷ್ಟೂ ಕಾಯಬೇಡಿ, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.