ಹಳೇ ಪಿಕಪ್‌ಗೆ ಯಾವ ಚಕ್ರ ಕೂರುತ್ತೆ?

ಅಮೆರಿಕದಲ್ಲಿ ಯಾರೋ 1970ರ ಶೆವರ್ಲೆ ಸಿ10 ಪಿಕಪ್ ರಿಪೇರಿ ಮಾಡ್ತಿದ್ದಾರೆ ಅಂದುಕೊಳ್ಳೋಣ. ಚಕ್ರಗಳು ತುಕ್ಕು ಹಿಡಿದಿವೆ. ಗುಜರಿಯಲ್ಲಿ 1972ರ ಸಿ10 ಚಕ್ರಗಳು ಸಿಕ್ಕಿವೆ. ಅದೇ ಕಂಪನಿ, ಅದೇ ಮಾಡೆಲ್, ನೋಡೋಕೂ ಗಾಡಿ ಹೆಚ್ಚು ಕಡಿಮೆ ಒಂದೇ ತರ. ಆದ್ರೂ ಕೂರಲ್ಲ. 1970ರವರೆಗೆ ಈ ಗಾಡಿಗೆ 6 ಬೋಲ್ಟ್ ಇದ್ದವು. 1971ರಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು, ಜೊತೆಗೇ ಬೋಲ್ಟ್ 5 ಆಯ್ತು. ಫೋರ್ ವೀಲ್ ಡ್ರೈವ್ ಇರುವ ಕೆ10ನಲ್ಲಿ ಮಾತ್ರ 6 ಹಾಗೇ ಉಳಿಯಿತು.

ಬೋಲ್ಟ್ ಎಣಿಸಿದರೆ ಸಾಲದು, ಅವು ಕೂತಿರುವ ವೃತ್ತದ ವ್ಯಾಸವೂ ಬೇಕು. ಇದೇ ಪಿಸಿಡಿ. ಹಳೇ ಸಿ10ಗೆ 139.7 ಮಿ.ಮೀ., 5 ಬೋಲ್ಟಿನದಕ್ಕೆ 127. ಆರು ಬೋಲ್ಟ್ ಇದ್ದರೆ ಎದುರುಬದುರಿನ ಎರಡರ ನಡುವೆ ಅಳೆದರೆ ಮುಗೀತು. ಐದಿದ್ದರೆ ಎದುರುಗಡೆ ಬೋಲ್ಟೇ ಇರಲ್ಲ! ಆಗ ಅಕ್ಕಪಕ್ಕದ ಎರಡರ ಮಧ್ಯದಿಂದ ಮಧ್ಯಕ್ಕೆ ಅಳೆದು, ಸೈನ್ 36 ಡಿಗ್ರಿಯಿಂದ ಭಾಗಿಸಬೇಕು. 74.6 ಮಿ.ಮೀ. ಬಂದರೆ ಪಿಸಿಡಿ 127, 82.1 ಬಂದರೆ 139.7. ಮೊದಲ ವರ್ಷ ಡ್ರಾಯಿಂಗ್ ಶೀಟಿನಲ್ಲಿ ಪಂಚಭುಜ ಬಿಡಿಸಿ ಸುಸ್ತಾದ ನಮಗೆ ಇಷ್ಟಾದರೂ ಲಾಭ ಇರಲಿ.

"ಅಡಾಪ್ಟರ್ ಹಾಕಿದ್ರೆ ಆಯ್ತಲ್ವಾ?" ಅಂತ ಕೇಳಬಹುದು. ಹಾಕಬಹುದು, ಆದರೆ ಅದರ ದಪ್ಪದಷ್ಟು ಚಕ್ರ ಹೊರಗೆ ಸರಿಯುತ್ತೆ. ಒಂದು ಚಕ್ರದ ಮೇಲೆ 500 ಕೆ.ಜಿ. ಭಾರ ಇದ್ದು, ಚಕ್ರ 25 ಮಿ.ಮೀ. ಸರಿದರೆ 500 × 9.81 × 0.025, ಅಂದ್ರೆ ಸುಮಾರು 123 ನ್ಯೂಟನ್ ಮೀಟರ್ ಬಾಗಿಸುವ ಮೊಮೆಂಟ್ ಹೆಚ್ಚಾಗುತ್ತೆ. ಅದನ್ನು ಹೊರಬೇಕಾದ್ದು ಐವತ್ತು ವರ್ಷ ದಾಟಿದ ಬೇರಿಂಗ್ ಮತ್ತು ಆಕ್ಸಲ್. ತೀರಾ ಅಗಲದ ಚಕ್ರ ಕೊಳ್ಳುವಾಗಲೂ ಇದೇ ಲೆಕ್ಕ. ಚಕ್ರದ ಹಿಂದಿನ ಅಂಚಿನಿಂದ ಹಬ್‌ಗೆ ತಾಗುವ ಮುಖದವರೆಗಿನ ದೂರವನ್ನು ಬ್ಯಾಕ್‌ಸ್ಪೇಸಿಂಗ್ ಅಂತಾರೆ. ಅದರಿಂದ ಚಕ್ರದ ಒಟ್ಟು ಅಗಲದ ಅರ್ಧ ಕಳೆದರೆ ಆಫ್‌ಸೆಟ್ ಸಿಗುತ್ತೆ. ಒಟ್ಟು ಅಗಲ 9 ಇಂಚು, ಬ್ಯಾಕ್‌ಸ್ಪೇಸಿಂಗ್ 4 ಇದ್ದರೆ ಆಫ್‌ಸೆಟ್ ಮೈನಸ್ ಅರ್ಧ ಇಂಚು: ಚಕ್ರ ಅಷ್ಟು ಹೊರಗೆ.

ನಟ್ ಕೂರುವ ಜಾಗದ ಆಕಾರವೂ ಹೊಂದಬೇಕು. ಶಂಕುವಿನಾಕಾರದ ನಟ್ ಅನ್ನು ಗುಂಡು ಕುಳಿಗೆ ಬಿಗಿದರೆ ಮೊದಲಿಗೆ ಬಿಗಿಯಾದಂತೆ ಕಾಣುತ್ತೆ. ತಾಗುವ ಜಾಗ ಕಡಿಮೆ ಇರೋದ್ರಿಂದ ಓಡಿಸ್ತಾ ಓಡಿಸ್ತಾ ಸಡಿಲ. ನಮ್ಮ ಪ್ರಕಾರ ಜನ ಅತಿ ಕಡಿಮೆ ಗಮನ ಕೊಡೋದು ಇದಕ್ಕೇ.

ಇನ್ನು ರಿಂಗ್ ಹಾಕಿ ಕೂಡಿಸುವ, ಎರಡು ಮೂರು ಭಾಗಗಳ ಹಳೇ ಟ್ರಕ್ ರಿಮ್ ಸಿಕ್ಕರೆ ಆಸೆಪಡಬೇಡಿ. ಗಾಳಿ ತುಂಬುವಾಗ ರಿಂಗ್ ಸಿಡಿದು ಪ್ರಾಣ ಹೋದದ್ದುಂಟು. ರಿವೆಟ್ ಹೊಡೆದ ರಿಮ್ ಆದರೆ ಟ್ಯೂಬ್ ಬೇಕೇ ಬೇಕು, ರಿವೆಟ್ ಸಂದಿಯಲ್ಲಿ ಗಾಳಿ ಸೋರುತ್ತೆ.

ನಮ್ಮ ಕಡೆ ಸಿ10 ಕಾಣೋದು ಅಪರೂಪ, ಆದ್ರೆ ಹಳೇ ವಿಲ್ಲೀಸ್ ಜೀಪ್ ಇವೆ. ಅದಕ್ಕೂ ಮಾರುತಿ ಜಿಪ್ಸಿಗೂ 5 ಬೋಲ್ಟ್, 139.7 ಪಿಸಿಡಿ. ಹಾಗಂತ ನೇರ ಕೂರುತ್ತೆ ಅಂದ್ಕೋಬೇಡಿ. ಮಧ್ಯದ ತೂತು, ಆಫ್‌ಸೆಟ್, ನಟ್ ಮೂರನ್ನೂ ನೋಡಿ. ಯುದ್ಧಕಾಲದ ಜೀಪ್‌ನಲ್ಲಿ ಎಡಗಡೆ ಚಕ್ರದ ನಟ್‌ಗಳಿಗೆ ಎಡ ಥ್ರೆಡ್. ಅವನ್ನು ಬಿಚ್ಚೋಕೆ ಸ್ಪ್ಯಾನರ್ ಅನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು.